ಗುಳ್ಳೆ ಬಿಡಿ, ನೀರಿನ ಮೇಲ್ಮೈ ನೋಡಿ

ಬೆಂಗಳೂರಿನಲ್ಲಿ ಕೂತು ಸಮುದ್ರದ ಮೀನು ಸಾಕುವವರಿಗೆ ಆಮ್ಲಜನಕದ ಲೆಕ್ಕದಲ್ಲಿ ಶುರುವಿನಲ್ಲೇ ನಷ್ಟ. 25 ಡಿಗ್ರಿ ಬಿಸಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಅದೇ ನೀರಿಗೆ ಸಮುದ್ರದಷ್ಟು ಉಪ್ಪು, ಅಂದರೆ ಲೀಟರಿಗೆ ಸುಮಾರು 35 ಗ್ರಾಂ, ಕರಗಿಸಿದರೆ ಅದು 6.7ಕ್ಕೆ ಇಳಿಯುತ್ತದೆ. ಮಂಗಳೂರು, ಕಾರವಾರಕ್ಕೆ ಈ ಲೆಕ್ಕ ಸರಿ. ಬೆಂಗಳೂರು ಇರುವುದು 900 ಮೀಟರ್ ಎತ್ತರದಲ್ಲಿ. ಇಲ್ಲಿ ಗಾಳಿಯ ಒತ್ತಡವೇ ಹತ್ತರಲ್ಲಿ ಒಂದು ಪಾಲು ಕಡಿಮೆ, ಹಾಗಾಗಿ ನೀರಿಗೆ ಇಳಿಯುವ ಆಮ್ಲಜನಕವೂ ಅಷ್ಟೇ ಕಡಿಮೆ. ಸುಮಾರು 6 ಅಂತಿಟ್ಟುಕೊಳ್ಳಿ. ಏಪ್ರಿಲ್‌ನಲ್ಲಿ ಟ್ಯಾಂಕ್ ನೀರು 30 ಡಿಗ್ರಿ ಮುಟ್ಟಿತೋ, ಐದೂವರೆ. ಬಿಸಿ ಏರಿದಾಗ ಮೀನಿಗೆ ಉಸಿರು ಜಾಸ್ತಿ ಬೇಕಾಗುವುದೂ ಅದೇ ಹೊತ್ತಿಗೆ.

ಹೆದರಿಸುವುದಕ್ಕೆ ಹೇಳಿದ್ದಲ್ಲ. ನನ್ನ ನಾಲ್ಕಡಿ ಟ್ಯಾಂಕ್ ಇದೇ ಊರಿನ ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿ ಚೆನ್ನಾಗಿಯೇ ನಡೆದಿದೆ. 250 ಲೀಟರ್ ನೀರು, ಒಂದು ಜೋಡಿ ಕ್ಲೌನ್ ಮೀನು, ಒಂದು ಫೈರ್‌ಫಿಶ್, ಒಂದು ಕ್ಲೀನರ್ ಸಿಗಡಿ. ಹವಳಗಳಲ್ಲಿ ಎಲ್ಲವೂ ಮೆತ್ತನೆಯವು: ಲೆದರ್, ಮಶ್ರೂಮ್, ಜೋವಾ, ಝೀನಿಯಾ. ಎಲ್ಲವೂ ಬೇರೆ ಹವ್ಯಾಸಿಗಳ ಟ್ಯಾಂಕಿನಲ್ಲಿ ಬೆಳೆದು, ತುಂಡಾಗಿ ಬಂದವು. ಕಲ್ಲು ಹವಳ ನನ್ನ ಟ್ಯಾಂಕಿನಲ್ಲಿಲ್ಲ. ನಮ್ಮ ಕಡಲಿನ ಕಲ್ಲು ಹವಳಗಳೆಲ್ಲ 2001ರಿಂದ ವನ್ಯಜೀವಿ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ, ಹುಲಿ ಇರುವ ಅದೇ ಪಟ್ಟಿಯಲ್ಲಿ. ನೇತ್ರಾಣಿ ದ್ವೀಪದಿಂದ ಸತ್ತ ತುಂಡೊಂದನ್ನು ಜೇಬಿಗೆ ಹಾಕಿಕೊಂಡು ಬಂದರೂ ಅಪರಾಧ. ಅದಕ್ಕೇ ನನ್ನ ಟ್ಯಾಂಕಿನ ಕಲ್ಲುಗಳೂ ಕೈಯಲ್ಲಿ ಮಾಡಿದ ಸೆರಾಮಿಕ್ ಕಲ್ಲುಗಳೇ.

ನಮ್ಮ ಅತ್ತೆ ಮೊದಲ ಸಲ ಬಂದಾಗ ಟ್ಯಾಂಕನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿ, "ಅಳಿಯಂದ್ರೇ, ಒಂದು ಗುಳ್ಳೆನೂ ಬರ್ತಿಲ್ವಲ್ಲ, ಇವಕ್ಕೆ ಉಸಿರು ಕಟ್ಟಲ್ವಾ?" ಅಂದರು. ನ್ಯಾಯವಾದ ಪ್ರಶ್ನೆ. ಅಂಗಡಿಗಳಲ್ಲಿ, ಹೋಟೆಲಿನ ರಿಸೆಪ್ಶನ್‌ನಲ್ಲಿ ನಾವು ನೋಡಿದ ಟ್ಯಾಂಕುಗಳೆಲ್ಲ ಬುಳುಬುಳು ಅನ್ನುತ್ತಲೇ ಇರುತ್ತವೆ. ಗುಳ್ಳೆ ಅಂದರೆ ಗಾಳಿ, ಗಾಳಿ ಅಂದರೆ ಉಸಿರು ಅಂತ ತಲೆಯಲ್ಲಿ ಕೂತುಬಿಟ್ಟಿದೆ.

ಆದರೆ ಏರ್ ಪಂಪಿನ ಕೊಳವೆಯ ತುದಿಗೆ ಸಿಕ್ಕಿಸುವ ಏರ್ ಸ್ಟೋನಿನಿಂದ ಹೊರಟ ದಪ್ಪ ಗುಳ್ಳೆ ಒಂದೂವರೆ ಅಡಿ ನೀರನ್ನು ದಾಟಿ ಮೇಲೆ ಬರುವುದಕ್ಕೆ ತೆಗೆದುಕೊಳ್ಳುವುದು ಒಂದೆರಡು ಸೆಕೆಂಡು. ಅಷ್ಟರಲ್ಲಿ ಅದು ನೀರಿಗೆ ಕೊಡುವ ಆಮ್ಲಜನಕ ಲೆಕ್ಕಕ್ಕೆ ಬಾರದಷ್ಟು. ಗುಳ್ಳೆ ಮಾಡುವ ನಿಜವಾದ ಕೆಲಸ ಬೇರೆ. ಅದು ಏರುವಾಗ ತನ್ನ ಜೊತೆ ತಳದ ನೀರನ್ನೂ ಮೇಲಕ್ಕೆ ಎಳೆದು ತರುತ್ತದೆ, ಮೇಲೆ ಒಡೆದು ನೀರಿನ ಮುಖವನ್ನು ಕಲಕುತ್ತದೆ. ಗಾಳಿ ಮತ್ತು ನೀರು ಕೊಟ್ಟು ತೆಗೆದುಕೊಳ್ಳುವುದೆಲ್ಲ ಅಲ್ಲೇ, ಆ ಮೇಲ್ಮೈಯಲ್ಲಿ. ಆಮ್ಲಜನಕ ಒಳಕ್ಕೆ, ಇಂಗಾಲದ ಡೈಆಕ್ಸೈಡ್ ಹೊರಕ್ಕೆ. ತಳದ ನೀರು ಸರದಿಯ ಮೇಲೆ ಮೇಲಕ್ಕೆ ಬರುತ್ತಿದ್ದರೆ, ಮೇಲಿನ ನೀರು ಸುಮ್ನೆ ನಿಲ್ಲದೆ ಒಡೆಯುತ್ತಿದ್ದರೆ, ಒಂದು ಗುಳ್ಳೆಯೂ ಬೇಡ. ಅದನ್ನು ಪಂಪೇ ಮಾಡುತ್ತದೆ.

ಉಪ್ಪುನೀರಿನಲ್ಲಿ ಗುಳ್ಳೆಗೆ ಇನ್ನೊಂದು ಕಿರಿಕಿರಿ ಇದೆ. ಒಡೆದ ಪ್ರತಿ ಗುಳ್ಳೆಯೂ ಸಣ್ಣ ಉಪ್ಪಿನ ಹನಿಗಳನ್ನು ಸಿಡಿಸುತ್ತದೆ. ವಾರ ಕಳೆಯುವುದರೊಳಗೆ ಲೈಟಿನ ಮೇಲೆ, ಗಾಜಿನ ಅಂಚಿನಲ್ಲಿ, ಸ್ವಿಚ್ ಬೋರ್ಡಿನ ಹತ್ತಿರ ಬಿಳಿ ಉಪ್ಪು ಹತ್ತಿಕೊಳ್ಳುತ್ತದೆ. ಅದು ತೇವ ಹೀರಿಕೊಂಡರೆ ಕರೆಂಟನ್ನೂ ಹಾಯಿಸುತ್ತದೆ. ಇದಕ್ಕೇ ಪ್ಲಗ್‌ಗೆ ಹೋಗುವ ವೈರನ್ನು ಒಮ್ಮೆ ಕೆಳಕ್ಕೆ ಇಳಿಬಿಟ್ಟು ಮತ್ತೆ ಮೇಲಕ್ಕೆ ಒಯ್ಯಬೇಕು. ಹನಿ ಜಾರಿದರೂ ಆ ತಗ್ಗಿನಲ್ಲಿ ತೊಟ್ಟಿಕ್ಕಿ ಹೋಗುತ್ತದೆ, ಪ್ಲಗ್‌ವರೆಗೆ ಹೋಗುವುದಿಲ್ಲ.

ಮೇಲ್ಮೈ ಅಂದೆನಲ್ಲ, ಅದಕ್ಕೊಂದು ಶತ್ರು ಇದೆ. ಮೀನಿನ ಆಹಾರದ ಜಿಡ್ಡು, ಹವಳಗಳ ಲೋಳೆ, ಜೊತೆಗೆ ನಮ್ಮನೆಯಂಥ ಓಪನ್ ಕಿಚನ್ ಇದ್ದರೆ ದಿನವೂ ಒಗ್ಗರಣೆಯ ಎಣ್ಣೆ ಹಬೆ. ಇವೆಲ್ಲ ಸೇರಿ ನೀರಿನ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತವೆ, ಕಾಯಿಸಿದ ಹಾಲಿನ ಮೇಲೆ ಕೆನೆ ಕಟ್ಟಿದ ಹಾಗೆ. ರಾತ್ರಿ ರೂಮಿನ ಲೈಟ್ ಆರಿಸಿ ಟಾರ್ಚನ್ನು ಪಕ್ಕದಿಂದ ಹಿಡಿದು ನೋಡಿ. ಬಣ್ಣ ಬಣ್ಣವಾಗಿ ಹೊಳೆದರೆ ಪೊರೆ ಇದೆ ಅಂತಲೇ. ಈ ಪೊರೆ ಸಣ್ಣ ಅಲೆಗಳನ್ನು ಏಳುವುದಕ್ಕೇ ಬಿಡುವುದಿಲ್ಲ. ಕೆಳಗೆ ಎಷ್ಟೇ ದೊಡ್ಡ ಪಂಪ್ ತಿರುಗುತ್ತಿರಲಿ, ಮೇಲೆ ಮುಚ್ಚಳ ಹಾಕಿದಂತೆಯೇ.

ಮದ್ದು ಸುಲಭ. ಟ್ಯಾಂಕಿನ ಮೂಲೆಯಲ್ಲಿ ಹಲ್ಲು ಹಲ್ಲಾಗಿ ಕೊರೆದ ಓವರ್‌ಫ್ಲೋ ಇಟ್ಟು, ನೀರು ಯಾವಾಗಲೂ ಮೇಲಿನ ಪದರದಿಂದಲೇ ಸಂಪ್‌ಗೆ, ಅಂದರೆ ಟ್ಯಾಂಕಿನ ಕೆಳಗಿಡುವ ಇನ್ನೊಂದು ತೊಟ್ಟಿಗೆ, ಜಾರುವಂತೆ ಮಾಡುವುದು. ಪೊರೆ ಕಟ್ಟುವ ಮೊದಲೇ ಜಾರಿ ಹೋಗುತ್ತದೆ. ಸಂಪಿಗೆ ಬೀಳುವಾಗ ನೀರು ಇನ್ನೊಮ್ಮೆ ಒಡೆಯುತ್ತದೆ, ಅದೂ ಲಾಭವೇ. ಓವರ್‌ಫ್ಲೋ ಇಲ್ಲದ ಸಣ್ಣ ಟ್ಯಾಂಕಾದರೆ ಒಂದು ವೇವ್ ಮೇಕರನ್ನು, ಅಂದರೆ ಟ್ಯಾಂಕಿನೊಳಗೇ ನೀರು ತಳ್ಳುವ ಪಂಪನ್ನು, ಸ್ವಲ್ಪ ಮೇಲ್ಮುಖ ಮಾಡಿ ಇಡಿ. ನೀರಿನ ಮೇಲೆ ಬಿದ್ದ ಲೈಟು ತಳದ ಮರಳಿನಲ್ಲಿ ಅಲುಗಾಡುತ್ತಿದೆಯಾ? ಅಷ್ಟು ಸಾಕು. ನೀರು ಚಿಮ್ಮಬೇಕಾಗಿಲ್ಲ.

ಇಷ್ಟು ಹೇಳಿದ ಮೇಲೆ ಗುಳ್ಳೆಯ ಪರವಾಗಿಯೂ ಒಂದು ಮಾತು. ನೀರಿನ ಕೊಳೆ ತೆಗೆಯುವ ಪ್ರೋಟೀನ್ ಸ್ಕಿಮ್ಮರ್ ಇದೆಯಲ್ಲ, ಅದು ನಡೆಯುವುದೇ ಗುಳ್ಳೆಯಿಂದ. ಉಪ್ಪು ನೀರಿನಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ಸೇರಿ ದಪ್ಪವಾಗುವುದು ಕಡಿಮೆ. ಸಿಹಿನೀರಿನಲ್ಲಿ ಬೇಗ ಕೂಡಿಕೊಂಡುಬಿಡುತ್ತವೆ. ಅದಕ್ಕೇ ಸ್ಕಿಮ್ಮರಿನೊಳಗೆ ನೀರು ಮಜ್ಜಿಗೆ ಬಣ್ಣಕ್ಕೆ ತಿರುಗುವಷ್ಟು ಸಣ್ಣ ಸಣ್ಣ ಗುಳ್ಳೆ ಸಿಗುತ್ತದೆ. ಲೋಳೆ, ಜಿಡ್ಡು ಆ ಗುಳ್ಳೆಗಳ ಮೈಗೆ ಅಂಟಿ ಮೇಲಿನ ಕಪ್‌ನಲ್ಲಿ ಕಂದು ನೊರೆಯಾಗಿ ಕೂರುತ್ತದೆ. ಅದರ ವಾಸನೆ ಬೇಡ, ಕೇಳಬೇಡಿ. ಅಷ್ಟೊಂದು ಸಣ್ಣ ಗುಳ್ಳೆ ಅಷ್ಟು ಹೊತ್ತು ನೀರಿನಲ್ಲಿ ಸುತ್ತುವುದರಿಂದ ಗಾಳಿಯ ವಿನಿಮಯವೂ ಚೆನ್ನಾಗಿ ಆಗುತ್ತದೆ.

ಆದರೆ ಸ್ಕಿಮ್ಮರ್ ಎಳೆದುಕೊಳ್ಳುವುದು ಯಾವ ಗಾಳಿಯನ್ನು? ನಮ್ಮ ರೂಮಿನ ಗಾಳಿಯನ್ನು. ಮಳೆಗಾಲದಲ್ಲಿ ಕಿಟಕಿ ಮುಚ್ಚಿ, ನಾಲ್ಕು ಜನ ಮಲಗಿದ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿನದಕ್ಕಿಂತ ಎರಡು, ಮೂರು ಪಟ್ಟು ಆಗುವುದು ಏನೂ ವಿಶೇಷವಲ್ಲ. ಹೊರಗೆ ಹತ್ತು ಲಕ್ಷಕ್ಕೆ 420ರ ಆಸುಪಾಸು, ಒಳಗೆ ಸುಲಭವಾಗಿ 1000 ದಾಟುತ್ತದೆ. ನೀರು ರೂಮಿನ ಗಾಳಿಯ ಜೊತೆಗೇ ಹೊಂದಿಕೊಳ್ಳುತ್ತದೆ. ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದಷ್ಟೂ ನೀರಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ಇಳಿಯುತ್ತದೆ. ಆದ್ದರಿಂದ ಎಷ್ಟೇ ಗಾಳಿ ಹಾಯಿಸಿದರೂ ಅದು ಬೇಕಾದಷ್ಟು ಏರದೆ 7.8ರ ಹತ್ತಿರವೇ ಹಟ ಹಿಡಿದು ಕೂರುತ್ತದೆ. ಇದಕ್ಕೊಂದು ಚಿಕ್ಕ ಪರೀಕ್ಷೆ ಇದೆ. ಒಂದು ಲೋಟ ಟ್ಯಾಂಕ್ ನೀರಿನ ಪಿಎಚ್ ನೋಡಿ, ಆಮೇಲೆ ಆ ಲೋಟವನ್ನು ಬಾಲ್ಕನಿಯಲ್ಲಿಟ್ಟು ಏರ್ ಪಂಪಿನಿಂದ ಒಂದು ಗಂಟೆ ಗಾಳಿ ಬಿಟ್ಟು ಮತ್ತೆ ನೋಡಿ. ಪಿಎಚ್ ಏರಿದರೆ ತೊಂದರೆ ಇರುವುದು ಮನೆಯ ಗಾಳಿಯಲ್ಲಿ. ಬಾಟಲಿಯ ಔಷಧಿ ಕೊಂಡು ಸುರಿಯುವ ಮೊದಲು ಇಷ್ಟು ಮಾಡಿ.

ನಾನು ಸ್ಕಿಮ್ಮರಿನ ಗಾಳಿ ಕೊಳವೆಯನ್ನು ಉದ್ದ ಮಾಡಿ ಕಿಟಕಿಯ ಸಂದಿನಿಂದ ಹೊರಗೆ ಬಿಟ್ಟಿದ್ದೇನೆ. ಪಿಎಚ್ ಸುಧಾರಿಸಿತು. ಈ ಊರಿನಲ್ಲಿ ಹಾಗೆ ಮಾಡುವವರು ಒಂದು ವಿಷಯ ನೆನಪಿಡಬೇಕು. ಬೀದಿಯಲ್ಲಿ ಸೊಳ್ಳೆ ಹೊಗೆಯ ಮಷೀನಿನ ಸದ್ದು ಕೇಳಿದ ಕೂಡಲೇ ಸ್ಕಿಮ್ಮರ್ ಆಫ್. ಸೊಳ್ಳೆ ಕೊಲ್ಲಲು ಬಳಸುವ ಪೈರೆಥ್ರಾಯ್ಡ್ ಜಾತಿಯ ಔಷಧಿಗಳು ಮೀನಿಗೂ ವಿಷ, ಸಿಗಡಿಗಂತೂ ಕಡು ವಿಷ. ಗಾಳಿಯಲ್ಲಿರುವುದನ್ನೆಲ್ಲ ನೀರಿಗೆ ತುಂಬುವ ಮಷೀನು ಸ್ಕಿಮ್ಮರ್, ಅದಕ್ಕೆ ಭೇದ ಗೊತ್ತಿಲ್ಲ. ಕೊಳವೆ ಒಳಗೇ ಇದ್ದರೂ ಇದೇ ಮಾತು: ಟ್ಯಾಂಕಿರುವ ಹಾಲ್‌ನಲ್ಲಿ ಸೊಳ್ಳೆ ಬತ್ತಿ, ಗೋಡೆಗೆ ಚುಚ್ಚುವ ಲಿಕ್ವಿಡ್ ಎರಡೂ ಬೇಡ. ನಮ್ಮನೆಯಲ್ಲಿ ಸೊಳ್ಳೆ ಬ್ಯಾಟೇ ಗತಿ. ಶುಕ್ರವಾರದ ಸಾಂಬ್ರಾಣಿಯನ್ನು ಬಿಡಿಸುವ ಧೈರ್ಯ ನನಗಿಲ್ಲ. ಆ ಅರ್ಧ ಗಂಟೆ ಸ್ಕಿಮ್ಮರಿಗೆ ರಜೆ.

ಇನ್ನು ನೀರಿನೊಳಗಿನ ಹರಿವು. ಮೇಲ್ಮೈ ಅಲುಗಿದರೆ ಮೀನಿಗೆ ಸಾಕು, ಹವಳಕ್ಕೆ ಸಾಲದು. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯಲ್ಲಿ ಸ್ಕೂಬಾ ಇಳಿದವರಿಗೆ ಇದು ಮೈಗೇ ಗೊತ್ತಿರುತ್ತದೆ. ಬಂಡೆಯ ಹತ್ತಿರ ಒಂದು ಕಡೆ ನಿಲ್ಲುವುದಕ್ಕೇ ಆಗುವುದಿಲ್ಲ. ನೀರು ನಿಮ್ಮನ್ನು ಆ ಕಡೆ ತಳ್ಳುತ್ತದೆ, ಒಂದು ಕ್ಷಣ ಸುಮ್ಮನಾಗುತ್ತದೆ, ಮತ್ತೆ ಈ ಕಡೆ ಎಳೆಯುತ್ತದೆ. ನಿಮ್ಮ ಜೊತೆ ಮೀನುಗಳ ಹಿಂಡೂ ಅಷ್ಟೇ ದೂರ ಹೋಗಿ ಅಷ್ಟೇ ದೂರ ವಾಪಸ್ ಬರುತ್ತದೆ. ಅದು ಹೊಳೆಯಂತೆ ಒಂದೇ ದಿಕ್ಕಿನ ಹರಿವಲ್ಲ. ಪೈಪಿನಿಂದ ಬಂದ ನೀರು ಒಂದೇ ಜಾಗಕ್ಕೆ ಇಪ್ಪತ್ತನಾಲ್ಕು ಗಂಟೆ ಹೊಡೆಯುತ್ತಿದ್ದರೆ ಹವಳದ ಆ ಕಡೆಯ ಚರ್ಮ ಕಿತ್ತು ಬರುತ್ತದೆ, ಹಿಂದುಗಡೆ ಕಸ ಕೂರುತ್ತದೆ.

ಹವಳಕ್ಕೆ ಹರಿವು ಯಾಕೆ ಬೇಕು ಅಂದರೆ, ಅದು ಎದ್ದು ಓಡಾಡುವ ಪ್ರಾಣಿಯಲ್ಲ. ಅದರ ಮೈಗೆ ಅಂಟಿಕೊಂಡಂತೆ ಕೂದಲೆಳೆಯಷ್ಟು ದಪ್ಪದ ನಿಂತ ನೀರಿನ ಪದರ ಇರುತ್ತದೆ. ಹಗಲು ಹವಳದೊಳಗಿನ ಪಾಚಿ ಬೆಳಕು ಕುಡಿದು ಆಮ್ಲಜನಕ ಉಕ್ಕಿಸುತ್ತದೆ, ಅದು ಆ ಪದರದಲ್ಲಿ ಅತಿಯಾಗಿ ತುಂಬಿಕೊಳ್ಳುತ್ತದೆ. ರಾತ್ರಿ ಲೈಟ್ ಆರಿದ ಮೇಲೆ ಹವಳ, ಪಾಚಿ ಎರಡೂ ಉಸಿರಾಡಿ, ಅದೇ ಜಾಗದಲ್ಲಿ ಆಮ್ಲಜನಕ ಬಹುತೇಕ ಸೊನ್ನೆಗೆ ಬರುತ್ತದೆ. ಕೂದಲಿಗಿಂತ ಸಣ್ಣ ಮೊನೆಯ ಸೆನ್ಸರ್ ಇಟ್ಟು ಇದನ್ನು 1990ರ ದಶಕದಲ್ಲೇ ಅಳೆದು ನೋಡಿದ್ದಾರೆ. ಟ್ಯಾಂಕಿನ ನೀರಲ್ಲಿ ಆಮ್ಲಜನಕ ಸರಿಯಾಗಿಯೇ ಇರಬಹುದು, ಹವಳದ ಮೈಮೇಲೆ ಇಲ್ಲದಿರಬಹುದು. ಹರಿವು ಆ ಪದರವನ್ನು ತೆಳ್ಳಗೆ ಮಾಡುತ್ತದೆ, ಅಷ್ಟೇ ಅದರ ಕೆಲಸ. 2001ರಲ್ಲಿ ಪ್ರಕಟವಾದ ಒಕಿನಾವಾದ ಪ್ರಯೋಗವೊಂದರಲ್ಲಿ ಬಿಸಿ, ಬಿಸಿಲು ಎರಡೂ ಜಾಸ್ತಿಯಿದ್ದರೂ ಜೋರು ಹರಿವಿನಲ್ಲಿದ್ದ ಹವಳಗಳು ಉಳಿದವು. ಮಂದ ಹರಿವಿನಲ್ಲಿದ್ದವು ಬಿಳಚಿಕೊಂಡವು.

ಹವಳವೂ ಕೈಕಟ್ಟಿ ಕೂರುವುದಿಲ್ಲ. ಕಲ್ಲು ಹವಳದ ಮೈಮೇಲೆ ಕಣ್ಣಿಗೆ ಕಾಣದ ರೋಮಗಳಿವೆ. ಅವು ಬಡಿದು ಬಡಿದು ಮೈಯಿಂದ ಒಂದೆರಡು ಮಿಲಿಮೀಟರ್‌ವರೆಗೆ ಸಣ್ಣ ಸುಳಿಗಳನ್ನು ಎಬ್ಬಿಸುತ್ತವೆ ಅಂತ 2014ರಲ್ಲಿ ತೋರಿಸಿದರು. ನನ್ನ ಝೀನಿಯಾಕ್ಕೆ ರೋಮ ನೋಡುವ ಕಷ್ಟವೇ ಇಲ್ಲ, ಬರಿಗಣ್ಣಿಗೇ ಕಾಣುತ್ತದೆ. ಪ್ರತಿ ಕಡ್ಡಿಯ ತುದಿಯಲ್ಲಿ ಎಂಟು ಗರಿ. ಎಂಟೂ ಒಟ್ಟಿಗೆ ಮಡಚಿ, ಒಂದು ಕ್ಷಣ ಬಿಗಿಯಾಗಿ ನಿಂತು, ನಿಧಾನಕ್ಕೆ ಅರಳುತ್ತವೆ. ಪಕ್ಕದ್ದು ಇದರ ತಾಳಕ್ಕೆ ಸೇರುವುದಿಲ್ಲ, ಅದರದ್ದೇ ಲೆಕ್ಕ. ಮಡಚಿದಾಗ ಹತ್ತಿರದ ನೀರಿನ ಧೂಳಿನ ಕಣ ಸರಕ್ಕನೆ ಮೇಲಕ್ಕೆ ಹಾರುವುದು ಟಾರ್ಚ್ ಬೆಳಕಿನಲ್ಲಿ ಚೆನ್ನಾಗಿ ಕಾಣುತ್ತದೆ. ಇಷ್ಟು ಶಕ್ತಿ ಯಾಕೆ ಖರ್ಚು ಮಾಡುತ್ತದೆ ಅನ್ನುವುದಕ್ಕೆ ಇಸ್ರೇಲಿನ ವಿಜ್ಞಾನಿಗಳು ಕೆಂಪು ಸಮುದ್ರದ ಏಲಾತ್‌ನಲ್ಲಿ ಇದರದೇ ಕುಟುಂಬದ ಹವಳವನ್ನು ನೋಡಿ 2013ರಲ್ಲಿ ಉತ್ತರ ಕೊಟ್ಟರು: ಮಿಡಿತದಿಂದ ಆಮ್ಲಜನಕ ಮೈಯಿಂದ ದೂರ ಹೋಗುತ್ತದೆ, ಒಮ್ಮೆ ಬಳಸಿದ ನೀರೇ ಮತ್ತೆ ಸಿಗುವುದು ತಪ್ಪುತ್ತದೆ, ಪಾಚಿಯ ಅಡುಗೆ ಚುರುಕಾಗುತ್ತದೆ. ಬಂದ ನೆಂಟರಿಗೆ ನಾನು ಮೊದಲು ತೋರಿಸುವುದು ಇದನ್ನೇ. ಅವರು ನೋಡುವುದು ಮಾತ್ರ ಕ್ಲೌನ್ ಮೀನನ್ನು.

ಹಾಗಾದರೆ ಎಷ್ಟು ಹರಿವು? ಹವ್ಯಾಸಿಗಳ ಬಾಯಿಲೆಕ್ಕ ಒಂದಿದೆ. ಮೆತ್ತನೆಯ ಹವಳಗಳಿಗೆ ಗಂಟೆಗೆ ಟ್ಯಾಂಕಿನ ಹತ್ತರಿಂದ ಇಪ್ಪತ್ತು ಪಟ್ಟು ನೀರು ಸುತ್ತಬೇಕು, ಕವಲೊಡೆದ ಕಲ್ಲು ಹವಳಗಳಿಗೆ ಮೂವತ್ತು, ನಲವತ್ತು, ಅದಕ್ಕೂ ಜಾಸ್ತಿ. ಶುರು ಮಾಡುವುದಕ್ಕೆ ಈ ಲೆಕ್ಕ ಪರವಾಗಿಲ್ಲ. ಆದರೆ ನನಗೆ ಅದರ ಮೇಲೆ ಅಷ್ಟು ನಂಬಿಕೆ ಇಲ್ಲ. ಡಬ್ಬದ ಮೇಲೆ ಬರೆದ ಲೀಟರ್ ಯಾವ ಪಂಪೂ ಮನೆಯಲ್ಲಿ ಕೊಡುವುದಿಲ್ಲ, ಸಂಪಿನ ನೀರನ್ನು ಟ್ಯಾಂಕಿಗೆ ವಾಪಸ್ ಕಳಿಸುವ ರಿಟರ್ನ್ ಪಂಪ್ ನಾಲ್ಕಡಿ ಮೇಲೆ ನೀರು ಎತ್ತುವಾಗಲಂತೂ ಅರ್ಧ ಬಂದರೆ ಪುಣ್ಯ. ಜೊತೆಗೆ, ಅದೇ ಪಂಪ್ ಕಿರಿದಾದ ಮೂತಿಯಿಂದ ಹೊಡೆಯುವುದಕ್ಕೂ ಅಗಲವಾಗಿ ತಳ್ಳುವುದಕ್ಕೂ ಅಜಗಜಾಂತರ. ಇದಕ್ಕೇ ಪ್ರೊಪೆಲ್ಲರ್ ಇರುವ ವೇವ್ ಮೇಕರ್ ಬಂದ ಮೇಲೆ ಕಿರಿದಾದ ಮೂತಿಯ ಹಳೆಯ ಪವರ್ ಹೆಡ್ ಪಂಪುಗಳು ಮೂಲೆ ಸೇರಿದ್ದು. ಟುಂಜೆ ಥರದ ಜರ್ಮನ್ ಕಂಪನಿ ತೋರಿಸಿದ ದಾರಿಯಲ್ಲಿ ಈಗ ಜೆಬಾವ್ ಮುಂತಾದ ಚೀನಾ ಪಂಪುಗಳು ನಮ್ಮಂಥವರ ಜೇಬಿಗೆ ನಿಲುಕುವ ಬೆಲೆಗೆ ಸಿಗುತ್ತವೆ.

ನನ್ನ ಟ್ಯಾಂಕಿನಲ್ಲಿ ಎರಡು ವೇವ್ ಮೇಕರ್, ಎಡಗಡೆ ಒಂದು ಬಲಗಡೆ ಒಂದು. ಎರಡೂ ಒಂದಕ್ಕೊಂದು ಮುಖ ಮಾಡಿ, ನೀರು ನಡುವೆ ಡಿಕ್ಕಿ ಹೊಡೆಯುವ ಹಾಗಿವೆ. ಡಿಕ್ಕಿಯಾದ ಜಾಗದಿಂದ ನೀರು ಎಲ್ಲಾ ಕಡೆ ಚೆದುರುತ್ತದೆ, ಯಾವ ಹವಳಕ್ಕೂ ನೇರ ಏಟಿಲ್ಲ. ಎಡಗಡೆಯದು ಜೋರಾದಾಗ ಬಲಗಡೆಯದು ಮೆತ್ತಗಾಗುತ್ತದೆ, ಆಮೇಲೆ ಅದಲು ಬದಲು. ಬಲಗಡೆಯದನ್ನು ಒಂದಿಷ್ಟು ಮೇಲಕ್ಕೆ ತಿರುಗಿಸಿದ್ದೇನೆ, ಮೇಲ್ಮೈಗೋಸ್ಕರ. ಸರಿಯಾಗಿದೆಯೋ ಇಲ್ಲವೋ ಅಂತ ಹವಳವನ್ನೇ ಕೇಳಬೇಕು. ಲೆದರ್ ಹವಳ ಆಗಾಗ ಮುದುಡಿಕೊಂಡು, ಮೈಮೇಲೆ ಮೇಣದಂಥ ಹೊಳೆಯುವ ಪೊರೆ ಬಿಟ್ಟು, ಅದನ್ನು ಕಳಚುತ್ತದೆ. ಸರಿಯಾದ ಹರಿವಿದ್ದರೆ ಪೊರೆ ತಾನಾಗಿ ಹಾರಿಹೋಗಿ ಕೆಲವೇ ದಿನದಲ್ಲಿ ಮತ್ತೆ ಅರಳುತ್ತದೆ. ಪೊರೆ ಅಂಟಿಕೊಂಡೇ ಕೂತು, ಮೇಲೆ ಪಾಚಿ ಹತ್ತಿದರೆ ಅಲ್ಲಿ ಹರಿವು ಸಾಲದು ಅಂತರ್ಥ. ಮಶ್ರೂಮ್‌ಗೆ ಇದು ಉಲ್ಟಾ. ಹರಿವು ಜಾಸ್ತಿಯಾದರೆ ಅಂಚು ಮೇಲಕ್ಕೆ ಮಡಚಿಕೊಂಡು ಕುಗ್ಗುತ್ತದೆ. ಅದನ್ನು ಕೆಳಗೆ, ಕಲ್ಲಿನ ಮರೆಯಲ್ಲಿ ಇಟ್ಟರೆ ಸುಖ.

ವೇವ್ ಮೇಕರ್ ಇಲ್ಲದ ಕಾಲದಲ್ಲೂ ಜನ ಹವಳ ಸಾಕಿದ್ದಾರೆ. ಜಕಾರ್ತಾದ ಲೀ ಚಿನ್ ಎಂಗ್ ಅನ್ನುವವರು ಬಿಸಿಲು, ಜೀವಂತ ಕಲ್ಲು (ಸಣ್ಣ ಜೀವಿಗಳು ಮನೆ ಮಾಡಿಕೊಂಡ ಕಡಲ ಕಲ್ಲು), ಮೆಲ್ಲಗೆ ಏಳುವ ಗಾಳಿ ಗುಳ್ಳೆ ಇಷ್ಟರಲ್ಲೇ ಟ್ಯಾಂಕ್ ನಡೆಸಿ, 1961ರಲ್ಲಿ ಅದರ ಬಗ್ಗೆ ಬರೆದರು. ಹವಾಯಿಯ ವೈಕಿಕಿ ಅಕ್ವೇರಿಯಂನ ಬ್ರೂಸ್ ಕಾರ್ಲ್ಸನ್ ಇನ್ನೊಂದು ದಾರಿ ಹಿಡಿದರು: ಮೇಲೊಂದು ತೊಟ್ಟಿ, ಅದು ನಿಧಾನಕ್ಕೆ ತುಂಬಿ, ಸೈಫನ್ ಹಿಡಿದ ಕೂಡಲೇ ಪೂರ್ತಿ ನೀರು ಒಮ್ಮೆಗೇ ಧುಮುಕುತ್ತದೆ. ಕಡಲ ಅಲೆಗೆ ಇಷ್ಟು ಹತ್ತಿರದ್ದು ಇನ್ನೊಂದಿಲ್ಲ. ಮನೆಯ ಹಾಲ್‌ನಲ್ಲಿ ಆ ಸದ್ದು ಮಾತ್ರ ಯಾರೂ ತಡೆಯಲಾರರು.

ಕರೆಂಟ್ ಹೋದಾಗ ಏನು ಮಾಡುವುದು ಅನ್ನುವುದೇ ನಮ್ಮ ದೇಶದಲ್ಲಿ ದೊಡ್ಡ ಪ್ರಶ್ನೆ, ಅಲ್ವಾ? ಯುಪಿಎಸ್‌ಗೆ ಎಲ್ಲವನ್ನೂ ಹಾಕಬೇಡಿ. ಲೈಟ್ ಬೇಡ, ಹವಳ ಒಂದು ದಿನ ಕತ್ತಲಲ್ಲಿದ್ದರೆ ಏನೂ ಆಗುವುದಿಲ್ಲ. ಸ್ಕಿಮ್ಮರ್ ಬೇಡ. ರಿಟರ್ನ್ ಪಂಪೂ ಬೇಡ. ಮೇಲ್ಮೈ ಕಲಕುವ ಆ ಒಂದು ವೇವ್ ಮೇಕರ್ ಇದ್ದರೆ ಸಾಕು. ಡಿಸಿ ಪಂಪಾದರೆ ಹದಿನೈದು ವ್ಯಾಟ್ ತಿನ್ನುತ್ತದೆ, ಮನೆಯ ಇನ್ವರ್ಟರ್‌ನಲ್ಲಿ ಇಡೀ ರಾತ್ರಿ ಓಡಿದರೂ ಬ್ಯಾಟರಿಗೆ ಭಾರವಲ್ಲ. ಇನ್ವರ್ಟರ್ ಇಲ್ಲದವರು ಪವರ್ ಬ್ಯಾಂಕಿಗೆ ಚುಚ್ಚುವ ಸಣ್ಣ ಯುಎಸ್‌ಬಿ ಏರ್ ಪಂಪ್ ಇಟ್ಟುಕೊಳ್ಳಿ. ಆಗ ಗುಳ್ಳೆಯೇ ದೇವರು, ಉಪ್ಪು ಸಿಡಿದರೆ ಆಮೇಲೆ ಒರೆಸಿಕೊಂಡರಾಯಿತು. ಕ್ಯಾನಿಸ್ಟರ್ ಫಿಲ್ಟರ್ ಇರುವವರು, ಕರೆಂಟ್ ಗಂಟೆಗಟ್ಟಲೆ ಹೋಗಿದ್ದರೆ, ಬಂದ ಕೂಡಲೇ ಅದನ್ನು ಆನ್ ಮಾಡಬೇಡಿ. ಮುಚ್ಚಿದ ಡಬ್ಬದೊಳಗೆ ಆಮ್ಲಜನಕ ಮುಗಿದು ಕೊಳೆತ ನೀರು ನೇರ ಟ್ಯಾಂಕಿಗೆ ಬರುತ್ತದೆ. ಬಿಚ್ಚಿ ತೊಳೆದು ಹಾಕಿ.

ಅಪಾಯದ ಹೊತ್ತು ಬೆಳಗಿನ ಜಾವ. ರಾತ್ರಿಯಿಡೀ ಎಲ್ಲರೂ ಉಸಿರಾಡಿ, ಯಾರೂ ಆಮ್ಲಜನಕ ಮಾಡದೆ, ಲೈಟ್ ಹತ್ತುವ ಮುಂಚೆ ನೀರು ತೀರಾ ಸೊರಗಿರುತ್ತದೆ. ಮೀನುಗಳು ಮೇಲಕ್ಕೆ ಬಂದು ಪೈಪಿನ ಬಾಯಲ್ಲಿ ಗುಂಪುಗೂಡಿ ಕಿವಿರು ಪಟಪಟ ಬಡಿಯುತ್ತಿದ್ದರೆ ಕಾಯಬೇಡಿ. ಮೀನಿನ ಹೊಲಸಿನಿಂದ ನೀರಿನಲ್ಲಿ ಸೇರುವ ನೈಟ್ರೇಟ್ ಇಳಿಸಲು ವೋಡ್ಕಾ ಹಾಕುವ ಪದ್ಧತಿ ನಡೆಸುವವರಿಗೆ ಈ ಎಚ್ಚರ ಇನ್ನೂ ಜಾಸ್ತಿ ಬೇಕು, ಅದನ್ನು ತಿಂದು ಹೆಚ್ಚುವ ಬ್ಯಾಕ್ಟೀರಿಯಾ ಆಮ್ಲಜನಕವನ್ನೂ ತಿನ್ನುತ್ತದೆ. ನಾನು ಸಂಪಿನಲ್ಲಿ ಕೀಟೋ ಪಾಚಿ ಬೆಳೆಸಿ, ಅದಕ್ಕೆ ರಾತ್ರಿ ಪಾಳಿಯ ಲೈಟ್ ಇಟ್ಟಿದ್ದೇನೆ. ಮೇಲೆ ಕತ್ತಲಾದಾಗ ಕೆಳಗೆ ಅದು ಕೆಲಸ ಶುರು ಮಾಡುತ್ತದೆ.

ಬೇಸಿಗೆಯಲ್ಲಿ ಚಿಲ್ಲರ್‌ಗೆ ದುಡ್ಡು ಸುರಿಯುವ ಮೊದಲು ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬೀಸಿಸಿ ನೋಡಿ. ಬೆಂಗಳೂರಿನ ಏಪ್ರಿಲ್ ಒಣಗಾಳಿಗೆ ಎರಡು ಮೂರು ಡಿಗ್ರಿ ಇಳಿಯುತ್ತದೆ, ಮೇಲ್ಮೈಯೂ ಅಲುಗುತ್ತದೆ. ಮಂಗಳೂರಿನ ತೇವಕ್ಕೆ ಇದು ಅಷ್ಟಾಗಿ ನಡೆಯುವುದಿಲ್ಲ. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪಲ್ಲ. ದಿನವೂ ಕಡಿಮೆಯಾದಷ್ಟು ಆರ್‌ಓ ನೀರು ಹಾಕಬೇಕು, ಉಪ್ಪುನೀರಲ್ಲ.

ಇದನ್ನೆಲ್ಲ ಜೋಡಿಸಿದ ಮೇಲೆ ಪಂಪ್ ತೊಳೆಯುವುದನ್ನು ಮರೆತರೆ ಎಲ್ಲ ದಂಡ. ಪ್ರೊಪೆಲ್ಲರ್ ಮೇಲೆ ಸುಣ್ಣ ಕಟ್ಟುತ್ತದೆ, ನೇರಳೆ ಪಾಚಿ ಹತ್ತುತ್ತದೆ, ಹರಿವು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಯುವುದರಿಂದ ಕಣ್ಣಿಗೇ ಬೀಳುವುದಿಲ್ಲ. ಕರೆಂಟ್ ಹೋಗಿ ಬಂದಾಗ ಪಂಪ್ ಮತ್ತೆ ಏಳದೆ ಗುರ್ ಅನ್ನುವುದೂ ಇದರಿಂದಲೇ. ಬಕೆಟ್ ನೀರಿಗೆ ಸಿಟ್ರಿಕ್ ಆಸಿಡ್ ಕದಡಿ ಪಂಪನ್ನು ಅರ್ಧ ಗಂಟೆ ಅದರಲ್ಲೇ ಓಡಿಸಿ, ಹಳೇ ಟೂತ್ ಬ್ರಷ್‌ನಿಂದ ಉಜ್ಜಿ, ಚೆನ್ನಾಗಿ ತೊಳೆಯಿರಿ. ವಾಪಸ್ ಹಾಕುವಾಗ ವೇಗ ಕಡಿಮೆ ಇಟ್ಟೇ ಶುರು ಮಾಡಿ. ತೊಳೆದ ಪಂಪಿನ ರಭಸಕ್ಕೆ ಮರಳೆಲ್ಲ ಎದ್ದು ಹವಳದ ಮೇಲೆ ಕೂರುತ್ತದೆ.